ತೊಡೆಸಂದಿನ ಓರೆ ದಾರಿ

ಸರ್ಜರಿ ಕಲಿಯುತ್ತಿದ್ದ ಮೊದಲ ವರ್ಷ ನನಗೆ ತೊಡೆಸಂದಿನ ರಚನೆ ಅರ್ಥವೇ ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಒಂದೊಂದು ಪದರಕ್ಕೂ ಒಂದೊಂದು ಬಣ್ಣ. ಟೇಬಲ್ ಮೇಲೆ ನೋಡಿದರೆ ಎಲ್ಲವೂ ಬಿಳಿ, ಹಳದಿ, ಕೆಂಪು. ಒಂದು ದಿನ ಗಾಯದ ಅಂಚು ಎಳೆದು ಹಿಡಿಯುವ ರಿಟ್ರಾಕ್ಟರ್ ಹಿಡಿದು ನಿಂತಿದ್ದಾಗ ನಮ್ಮ ಮೇಡಂ ಕೇಳಿದರು, “ಈ ಎಳೆಗಳು ಯಾವ ಕಡೆ ಹೋಗ್ತಿವೆ ನೋಡು.” ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಬೆರಳುಗಳು ಹೇಗೆ ಇಳಿಯುತ್ತವೋ ಹಾಗೇ, ಓರೆಯಾಗಿ ಕೆಳಕ್ಕೆ. ಹೊಟ್ಟೆಯ ಹೊರ ಸ್ನಾಯುವಿನ ಹಾಳೆ ಅದು. ಆ ಗುರುತು ಸಿಕ್ಕ ಮೇಲೆ ಉಳಿದದ್ದು ಒಂದೊಂದಾಗಿ ಬಿಡಿಸಿಕೊಂಡಿತು.

ಆ ಹಾಳೆಯ ಹಿಂದೆ ಸುಮಾರು 4 ಸೆಂಟಿಮೀಟರ್ ಉದ್ದದ ಕಾಲುವೆ ಇದೆ. ಗಂಡು ಮಗುವಿನ ಬೀಜ (ವೃಷಣ) ಮೊದಲು ಬೆಳೆಯುವುದು ಹೊಟ್ಟೆಯೊಳಗೆ. ಬಸಿರಿನ ಏಳನೇ ತಿಂಗಳ ಹೊತ್ತಿಗೆ ಈ ಕಾಲುವೆ ಹಾದು ಕೆಳಗಿಳಿಯುತ್ತದೆ. ಹೊಟ್ಟೆಯ ಒಳಪೊರೆಯೂ ಕೊಳವೆಯ ಹಾಗೆ ಅಲ್ಲಿಗೆ ಚಾಚಿಕೊಂಡಿರುತ್ತದೆ. ಆಮೇಲೆ ಆ ಕೊಳವೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಕರುಳು ಇಳಿಯಲು ದಾರಿ ಇದ್ದೇ ಇದೆ ಅಲ್ವಾ? ಹೀಗೆ ಕರುಳು ಹೊರಗೆ ಉಬ್ಬುವುದೇ ಹರ್ನಿಯಾ. ಮಕ್ಕಳದ್ದು ಹೆಚ್ಚಾಗಿ ಇದೇ. ಅವರಿಗೆ ಗೋಡೆ ಗಟ್ಟಿಮಾಡುವ ಜಾಲರಿ ಬೇಡ, ಮುಚ್ಚದೆ ಉಳಿದ ಆ ಕೊಳವೆಯನ್ನು ಬುಡದಲ್ಲಿ ಕಟ್ಟಿದರೆ ಸಾಕು.

ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಕಾಲುವೆಯ ಒಳಬಾಯಿ, ಹೊರಬಾಯಿ ಎದುರುಬದುರು ಇಲ್ಲ. ಹಾಗಾಗಿ ಕೆಮ್ಮಿದಾಗ ಹಿಂದಿನ ಗೋಡೆ ಮುಂದಿನದಕ್ಕೆ ಒತ್ತಿಕೊಂಡು ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ವಯಸ್ಸಾದಂತೆ ಹಿಂದಿನ ಗೋಡೆಯೇ ತೆಳುವಾದರೆ ಕರುಳು ಅಲ್ಲೇ ನೇರವಾಗಿ ಉಬ್ಬುತ್ತದೆ.

ಇದನ್ನು ರಿಪೇರಿ ಮಾಡುವುದು ಸುಲಭವಲ್ಲ. ಬೀಜಕ್ಕೆ ಹೋಗುವ ರಕ್ತನಾಳ, ವೀರ್ಯನಾಳ ಇದೇ ದಾರಿಯಲ್ಲಿವೆ. ಹಾಗಾಗಿ ಪೂರ್ತಿ ಮುಚ್ಚುವ ಹಾಗಿಲ್ಲ. 1887ರಲ್ಲಿ ಇಟಲಿಯ ಎಡೊವಾರ್ಡೊ ಬಸ್ಸೀನಿ ಹಿಂದಿನ ಗೋಡೆಯನ್ನು ಪದರ ಪದರವಾಗಿ ಹೊಲಿಯುವ ವಿಧಾನ ತಿಳಿಸಿದರು. ಅದು ದೊಡ್ಡ ಹೆಜ್ಜೆ. ಆದರೆ ದೂರದ ಎರಡು ಅಂಚುಗಳನ್ನು ಎಳೆದು ಹೊಲಿದರೆ ಬಿಗಿತ ಉಳಿಯುತ್ತದೆ. ನೋವೂ ಜಾಸ್ತಿ, ಹೊಲಿಗೆ ಬಿಟ್ಟುಕೊಳ್ಳುವ ಭಯವೂ ಜಾಸ್ತಿ. 1980ರ ದಶಕದಲ್ಲಿ ಅಮೆರಿಕದ ಲಿಕ್ಟನ್‌ಸ್ಟೈನ್, ಎಳೆಯದೆ ಜಾಲರಿ ಹಾಸುವ ವಿಧಾನವನ್ನು ಬಳಕೆಗೆ ತಂದರು. ಕ್ರಮೇಣ ಮೈಯ ಎಳೆಗಳು ಅದರ ಕಣ್ಣುಗಳಲ್ಲಿ ಬೆಳೆದು ಗೋಡೆ ಗಟ್ಟಿಯಾಗುತ್ತದೆ. ದುರ್ಬೀನು ಹಾಕಿ ಒಳಗಿನಿಂದ ಜಾಲರಿ ಇಡುವುದೂ ಇದೆ.

ಹೊರಗಿನಿಂದ ಮಾಡುವಾಗ ನಾನು ಜಾಸ್ತಿ ಹೊತ್ತು ಕೊಡುವುದು ಅಲ್ಲಿನ ಮೂರು ಸಣ್ಣ ನರಗಳಿಗೆ. ಒಂದು ಹೊಲಿಗೆಯಲ್ಲಿ ಸಿಕ್ಕಿಬಿದ್ದರೂ ನೋವು ವರ್ಷಗಟ್ಟಲೆ ಕಾಡಬಹುದು.

ವರ್ಷಗಟ್ಟಲೆ ಹರ್ನಿಯಾದ ಗಡ್ಡೆ ಮುಚ್ಚಿಟ್ಟುಕೊಂಡು ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ. ನಾಚಿಕೆ ಬೇಡ. ಮಲಗಿದಾಗ ಒಳಹೋಗುತ್ತಿದ್ದ ಗಡ್ಡೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಒತ್ತಿ ನೂಕಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಹೆಂಗಸರಲ್ಲಿ ತೊಡೆಯ ಬುಡದಲ್ಲಿ, ಇನ್ನೂ ಕೆಳಗೆ, ಸಣ್ಣ ಗಂಟಿನಂತೆ ಬರುವ ಹರ್ನಿಯಾ ಇದೆ. ಅದರ ಬಾಯಿ ಕಿರಿದು, ಕರುಳು ಸಿಕ್ಕಿಕೊಳ್ಳುವುದು ಬೇಗ. ಸುಮ್ನೆ ಗಂಟು ಅಂತ ಬಿಡಬೇಡಿ.

ನಾನು ಮೊದಲ ಸಲ ಜಾಲರಿ ಹೊಲಿದು ಮುಗಿಸಿದಾಗ ಮೇಡಂ ನಾಳಗಳ ಪಕ್ಕ ಕಿರುಬೆರಳ ತುದಿ ಇಟ್ಟು ನೋಡಿದರು. ಬಿಗಿ ಅನಿಸಿತು. ಒಂದು ಹೊಲಿಗೆ ಬಿಚ್ಚಿಸಿದರು. ಈಗ ನನ್ನ ವಿದ್ಯಾರ್ಥಿಗಳು ಹೊಲಿದ ಮೇಲೆ ನಾನೂ ಹಾಗೇ ಬೆರಳಿಟ್ಟು ನೋಡುತ್ತೇನೆ.