ತಾಲ್ ಛಾಪರ್‌ನಲ್ಲಿ ಸಾಂಡಾ ಬಿಲದ ಮುಂದೆ

ರಾಜಸ್ಥಾನದ ಚುರು ಜಿಲ್ಲೆಯ ತಾಲ್ ಛಾಪರ್ ಅಭಯಾರಣ್ಯಕ್ಕೆ ಹೆಚ್ಚಿನವರು ಹೋಗುವುದು ಕೃಷ್ಣಮೃಗ, ಹದ್ದುಗಳನ್ನು ನೋಡಲು. ನಾನು ಹೋಗಿದ್ದು ಸಾಂಡಾಗಾಗಿ. ಮುಳ್ಳುಬಾಲದ ಈ ದಪ್ಪ ಹಲ್ಲಿ ಹೆಚ್ಚಾಗಿ ಎಲೆ, ಹೂವು, ಹುಲ್ಲು ತಿಂದೇ ಬದುಕುತ್ತದೆ.

ಹಕ್ಕಿ ನೋಡುವವರ ಹಾಗೆ ಡಿಸೆಂಬರ್, ಜನವರಿಗೆ ಟಿಕೆಟ್ ಮಾಡಿಸಬೇಡಿ. ಆಗ ಸಾಂಡಾ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೇ ಮಲಗಿರುತ್ತದೆ. ಮಾರ್ಚ್ ಒಳ್ಳೆಯದು. ಬೆಳಕು ಹರಿಯುವ ಮೊದಲೇ ಓಡಬೇಕಾಗಿಯೂ ಇಲ್ಲ, ನೆಲ ಬಿಸಿಯಾಗದೆ ಅದು ಹೊರಗೆ ಬರುವುದಿಲ್ಲ.

ಮೊದಲ ದಿನ ಜೀಪಿನಿಂದ ಇಳಿದು, ಕಂಡ ಕಂಡ ಸಾಂಡಾ ಕಡೆ ನಡೆದೆ. ಒಂದೂ ನಿಲ್ಲಲಿಲ್ಲ. ಮಾರನೇ ದಿನ ಒಂದೇ ಬಿಲ ಆರಿಸಿಕೊಂಡೆ. ಸೂರ್ಯನಿಗೆ ಬೆನ್ನು ಕೊಟ್ಟು, ಸುಮಾರು 15 ಮೀಟರ್ ದೂರದಲ್ಲಿ ಜೀಪ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸುಮ್ನೆ ಕೂತೆವು. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಮೂಗಿನ ತುದಿ ಕಂಡಿತು. ತಲೆ ಹೊರಗೆ ಬಂದ ಮೇಲೂ ಹತ್ತು ನಿಮಿಷ ಅಲ್ಲಾಡಲಿಲ್ಲ. ಆಗ ಕೈ ತಡೆದುಕೊಳ್ಳಿ, ಕ್ಲಿಕ್ ಮಾಡಬೇಡಿ. ಪೂರ್ತಿ ಹೊರಗೆ ಬಂದು ಹೊಟ್ಟೆ ನೆಲಕ್ಕೆ ಒತ್ತಿ ಮಲಗಿದಾಗ ಮೈ ಕಪ್ಪಗಿತ್ತು. ಬಿಸಿಲು ಕುಡಿಯುತ್ತಾ ಕುಡಿಯುತ್ತಾ ಮರಳಿನ ಬಣ್ಣಕ್ಕೆ ತಿರುಗಿತು! ತೊಡೆಯ ಹತ್ತಿರ ನೀಲಿ ಮಚ್ಚೆ. ನನಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಖುಷಿ ಇರಲಿಲ್ಲ.

400 ಎಂಎಂ ಲೆನ್ಸ್ ಸಾಕು. ಆದರೆ ಎತ್ತರದಿಂದ ತೆಗೆದರೆ ಮಣ್ಣಿನ ಮೇಲೆ ಮಣ್ಣಿನ ಬಣ್ಣ, ಏನೂ ಎದ್ದು ಕಾಣುವುದಿಲ್ಲ. ಜೀಪಿನ ಬಾಗಿಲು ಮೊದಲೇ ತೆರೆದಿಟ್ಟು, ಕ್ಯಾಮೆರಾವನ್ನು ಆದಷ್ಟು ಕೆಳಗೆ ಇಳಿಸಿ, ಕಣ್ಣಿಗೆ ಫೋಕಸ್ ಮಾಡಿ. ಬಿಸಿಲೇರಿದ ಮೇಲೆ ನೆಲದ ಹತ್ತಿರದ ಗಾಳಿ ನಡುಗುತ್ತದೆ, ಎಂಥ ಲೆನ್ಸಿನಲ್ಲೂ ಚಿತ್ರ ಮಸುಕು. ಆಗ ಕ್ಯಾಮೆರಾ ಕೆಳಗಿಟ್ಟು ಬರೀ ನೋಡಿ. ಮರಳು ಹಾರುವಾಗ ಲೆನ್ಸ್ ಬದಲಿಸಲೇಬೇಡಿ.

ಬಿಲಕ್ಕೆ ಕೈ ಹಾಕುವುದು, ನೀರು ಸುರಿಯುವುದು ಬೇಡವೇ ಬೇಡ. ಒಳಗೆ ಹಾವೂ ಇರಬಹುದು. ಸಾಂಡಾವನ್ನು 1972ರ ವನ್ಯಜೀವಿ ಕಾಯ್ದೆ ರಕ್ಷಿಸುತ್ತದೆ. ಆದರೂ ಅದರ ಕೊಬ್ಬಿನ ಎಣ್ಣೆಗಾಗಿ ಕದ್ದು ಹಿಡಿಯುವವರಿದ್ದಾರೆ. ಆ ಎಣ್ಣೆಯಿಂದ ರೋಗ ವಾಸಿಯಾಗುತ್ತದೆ ಅನ್ನುವುದು ಸುಳ್ಳು. ಕದ್ದು ಹಿಡಿಯುವವರಿಗೆ ಸುಳಿವು ಸಿಗದಂತೆ, ಫೋಟೋ ಹಂಚಿಕೊಳ್ಳುವಾಗ ಊರಿನ ಹೆಸರಷ್ಟೇ ಸಾಕು. ಬಿಲ ಎಲ್ಲಿದೆ ಅಂತ ಬರೆಯಬೇಡಿ, ಫೈಲಿನಲ್ಲಿ ಜಿಪಿಎಸ್ ಗುರುತು ಇದ್ದರೆ ಮೊದಲು ಅಳಿಸಿ.