ಮೈಸನ್ ಪಿಂಗಾಣಿ ನೋಡಲು ಹೊರಟವರಿಗೆ: ಮೊದಲು ಡ್ರೆಸ್ಡೆನ್

ಜರ್ಮನಿಯ ಮೈಸನ್‌ನಲ್ಲಿರುವ ಪಿಂಗಾಣಿ ವಸ್ತುಸಂಗ್ರಹಾಲಯವನ್ನು ನೋಡಲು ಬರುವವರಲ್ಲಿ ಅನೇಕರು ಬೆಳಿಗ್ಗೆ ಡ್ರೆಸ್ಡೆನ್‌ನಿಂದ ರೈಲು ಹತ್ತಿ, ನೇರ ಕಾರ್ಖಾನೆಗೆ ಹೋಗಿ, ಮಧ್ಯಾಹ್ನಕ್ಕೆ ಮರಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ದಿನ ಡ್ರೆಸ್ಡೆನ್‌ನ ತ್ಸ್ವಿಂಗರ್ ಅರಮನೆ, ಮರುದಿನ ಮೈಸನ್. ನಾನೂ ನನ್ನ ಅಕ್ಕನೂ ಈ ಕ್ರಮದಲ್ಲಿ ನೋಡಿದ್ದರಿಂದಲೇ ಪಿಂಗಾಣಿಯ ಕಥೆ ನಮಗೆ ತುದಿಮೊದಲು ತಿಳಿಯಿತು.

ತ್ಸ್ವಿಂಗರ್‌ಗೆ ಸೋಮವಾರ ರಜೆ. ಒಂದೇ ಟಿಕೆಟ್‌ನಲ್ಲಿ ಪಿಂಗಾಣಿ ಸಂಗ್ರಹ, ಹಳೆಯ ಕಲಾವಿದರ ಚಿತ್ರಶಾಲೆ, ಗಣಿತ ಮತ್ತು ಭೌತಶಾಸ್ತ್ರದ ಉಪಕರಣಗಳ ವಿಭಾಗ ಮೂರನ್ನೂ ನೋಡಬಹುದು. ಡ್ರೆಸ್ಡೆನ್ ರಾಜಧಾನಿಯಾಗಿದ್ದ ಸ್ಯಾಕ್ಸನಿಯ ದೊರೆ ಅಗಸ್ಟಸ್‌ಗೆ ಚೀನಾ, ಜಪಾನ್‌ಗಳ ಪಿಂಗಾಣಿಯ ಹುಚ್ಚು ಎಷ್ಟಿತ್ತೆಂದರೆ, 1717ರಲ್ಲಿ ಅವನು ತನ್ನ ಡ್ರಾಗೂನ್ ದಳದ 600 ಸೈನಿಕರನ್ನು ಪ್ರಷ್ಯದ ರಾಜನಿಗೆ ಕೊಟ್ಟು 151 ಚೀನೀ ಪಿಂಗಾಣಿಗಳನ್ನು ತರಿಸಿಕೊಂಡ. ನೀಲಿ ಚಿತ್ತಾರದ ಆ ದೊಡ್ಡ ಮುಚ್ಚಳದ ಹೂದಾನಿಗಳನ್ನು ಈಗಲೂ ಆ ದಳದ ಹೆಸರಿನಿಂದಲೇ ಕರೆಯುತ್ತಾರೆ. ಮನುಷ್ಯರನ್ನು ಕೊಟ್ಟು ಪಡೆದ ಪಾತ್ರೆಗಳು ಎಂಬುದು ತಿಳಿದ ಮೇಲೆ ಅವುಗಳ ಚೆಲುವನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ.

ಬಿಳಿ ಪಿಂಗಾಣಿಯ ಪ್ರಾಣಿಗಳ ನಡುವೆ ಒಂದು ಘೇಂಡಾಮೃಗವಿದೆ. ಅದನ್ನು ತಪ್ಪಿಸಬೇಡಿ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವೊಂದು ಗೋವೆಯಿಂದ ಹಡಗೇರಿ 1515ರಲ್ಲಿ ಲಿಸ್ಬನ್ ಸೇರಿತ್ತು. ಅದನ್ನು ಕಣ್ಣಾರೆ ಕಾಣದ ಜರ್ಮನ್ ಕಲಾವಿದ ಡ್ಯೂರರ್ ಕೇಳಿದ ವರ್ಣನೆಯಿಂದ ಚಿತ್ರ ಬರೆದ. ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಂಬನ್ನೂ ಇಟ್ಟ. ಇನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಮೈಸನ್‌ನ ಶಿಲ್ಪಿ ಕಿರ್ಷ್ನರ್ ಅದೇ ಚಿತ್ರವನ್ನು ಅನುಸರಿಸಿ ಇದನ್ನು ಮಾಡಿದ, ಆ ಕೊಂಬಿನ ಸಮೇತ. ಈ ದೊಡ್ಡ ಪ್ರಾಣಿಗಳ ಮೈಮೇಲಿನ ಬಿರುಕುಗಳನ್ನೂ ಗಮನಿಸಿ. ಇಷ್ಟು ದೊಡ್ಡದನ್ನು ಗೂಡಿನಲ್ಲಿ ಸುಡುವುದು ಎಂಥ ಸಾಹಸವೆಂದು ಅವೇ ಹೇಳುತ್ತವೆ.

ಉಪಕರಣಗಳ ವಿಭಾಗದಲ್ಲಿ ಚಿರ್ನ್‌ಹೌಸ್ ಎಂಬ ವಿಜ್ಞಾನಿಯ ದೊಡ್ಡ ಮಸೂರಗಳಿವೆ, ತಾಮ್ರದ ಕನ್ನಡಿಯಿದೆ. ಬಿಸಿಲನ್ನು ಒಂದೇ ಬಿಂದುವಿಗೆ ತಂದು, ಯಾವ ಖನಿಜ ಎಷ್ಟು ಕಾವಿಗೆ ಕರಗುತ್ತದೆಂದು ಅವನು ಪರೀಕ್ಷಿಸುತ್ತಿದ್ದ. ಚಿನ್ನ ಮಾಡಿಕೊಡುತ್ತೇನೆಂದು ಹೇಳಿಕೊಂಡು ದೊರೆಯ ಸೆರೆಗೆ ಬಿದ್ದಿದ್ದ ತರುಣ ಬ್ಯೋಟ್ಗರ್‌ನನ್ನು ಪಿಂಗಾಣಿಯ ಕಡೆಗೆ ತಿರುಗಿಸಿದವನೂ ಇವನೇ. 1708ರಲ್ಲಿ ಚಿರ್ನ್‌ಹೌಸ್ ತೀರಿಕೊಂಡ. ಮರುವರ್ಷ ಬ್ಯೋಟ್ಗರ್ ತನಗೆ ಬಿಳಿ ಪಿಂಗಾಣಿ ಸಿದ್ಧಿಸಿತೆಂದು ದೊರೆಗೆ ತಿಳಿಸಿದ. ಹೆಸರು ನಿಂತದ್ದು ಬ್ಯೋಟ್ಗರ್‌ನದು. ಆ ಮಸೂರದ ಮುಂದೆ ನಿಂತವರಿಗೆ ಇದು ಅನ್ಯಾಯವೆನಿಸದೆ ಇರದು. ಡ್ರೆಸ್ಡೆನ್ ಮೊದಲು ನೋಡಿ ಎನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಮೈಸನ್‌ಗೆ ಎಸ್1 ಲೋಕಲ್ ರೈಲಿದೆ, ಸುಮಾರು 40 ನಿಮಿಷದ ಹಾದಿ. ಜರ್ಮನಿಯ ಮಾಸಿಕ ಪಾಸ್ ಇದ್ದವರು ಬೇರೆ ಟಿಕೆಟ್ ಕೊಳ್ಳಬೇಕಿಲ್ಲ. ಮೈಸನ್ ಆಲ್ಟ್‌ಸ್ಟಾಡ್ಟ್ ನಿಲ್ದಾಣದಲ್ಲಿ ಇಳಿದು ಮೊದಲು ಬೆಟ್ಟದ ಮೇಲಿನ ಆಲ್‌ಬ್ರೆಕ್ಟ್ಸ್‌ಬುರ್ಗ್ ಕೋಟೆಗೆ ಹೋಗಿ. ಏರುದಾರಿ ಕಲ್ಲುಹಾಸಿನದು, ಗಟ್ಟಿ ಅಟ್ಟೆಯ ಷೂ ಇರಲಿ. ವಯಸ್ಸಾದವರು ಜೊತೆಗಿದ್ದರೆ ಬೆಟ್ಟದ ಬದಿಯ ಲಿಫ್ಟ್ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿ. 1710ರಲ್ಲಿ ಕಾರ್ಖಾನೆ ಶುರುವಾದದ್ದು ಈ ಕೋಟೆಯೊಳಗೆ, ಗುಟ್ಟು ಹೊರಬೀಳದಿರಲಿ ಎಂದು. ಆದರೂ ಹತ್ತು ವರ್ಷ ತುಂಬುವ ಮೊದಲೇ ಗುಟ್ಟು ವಿಯೆನ್ನಾ ಸೇರಿತು. ಬ್ಯೋಟ್ಗರ್ 37ನೆಯ ವಯಸ್ಸಿಗೇ, 1719ರಲ್ಲಿ ತೀರಿಕೊಂಡ.

ಕೋಟೆ ಇಳಿದು ಊರಿನ ನಡುವೆ ನಡೆದರೆ ಟ್ರೀಬಿಷ್ ಕಣಿವೆಯ ಈಗಿನ ಕಾರ್ಖಾನೆ. ಇಲ್ಲಿ ವಸ್ತುಸಂಗ್ರಹಾಲಯಕ್ಕೆ ನುಗ್ಗುವ ಮೊದಲು ಪ್ರದರ್ಶನದ ಕಾರ್ಯಾಗಾರಕ್ಕೆ ಹೋಗಿ. ಕಿವಿಗೆ ಹಾಕಿಕೊಳ್ಳುವ ವಿವರಣೆ ಇಂಗ್ಲಿಷ್‌ನಲ್ಲೂ ಸಿಗುತ್ತದೆ. ಒಂದು ಕೋಣೆಯಲ್ಲಿ ತಿಗರಿ ಮತ್ತು ಅಚ್ಚು, ಇನ್ನೊಂದರಲ್ಲಿ ಬೊಂಬೆಯ ಕೈಕಾಲುಗಳನ್ನು ತೆಳು ಮಣ್ಣಿನಿಂದ ಅಂಟಿಸುವ ಕೆಲಸ. ಮೂರನೆಯ ಕೋಣೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಒಮ್ಮೆ ಸುಟ್ಟ, ಹೊಳಪು ಹಚ್ಚದ ತಟ್ಟೆಯ ಮೇಲೆ ಕೋಬಾಲ್ಟ್ ಬಣ್ಣದ ಗೆರೆ. ತಟ್ಟೆ ಬಣ್ಣವನ್ನು ತಕ್ಷಣ ಹೀರುತ್ತದೆ, ತಿದ್ದಲು ಅವಕಾಶವೇ ಇಲ್ಲ. ಕೈಯೆತ್ತದೆ ಎಳೆ ರಂಗೋಲಿ ಬಿಡುವವರ ಬೆರಳುಗಳಂತೆ ಆ ಹೆಂಗಸಿನ ಕುಂಚ ಸಾಗುತ್ತಿತ್ತು. ಮತ್ತೆ ಸುಮಾರು 1400 ಡಿಗ್ರಿ ಶಾಖದಲ್ಲಿ ಸುಟ್ಟ ಮೇಲೆಯೇ ಆ ಮಂಕು ಬಣ್ಣ ನೀಲಿಯಾಗುವುದು. ಸುಡುವಾಗ ಪಾತ್ರೆ ಸುಮಾರು ಆರರಲ್ಲಿ ಒಂದು ಪಾಲು ಕುಗ್ಗುತ್ತದೆ, ಅದನ್ನೂ ಮೊದಲೇ ಲೆಕ್ಕ ಹಾಕಿರಬೇಕು.

ಇದನ್ನೆಲ್ಲ ಕಂಡ ಮೇಲೆ ಸಂಗ್ರಹಾಲಯದ ಪ್ರತಿ ಬಟ್ಟಲಿನ ಹಿಂದೆಯೂ ಒಂದು ಕೈ ಕಾಣುತ್ತದೆ. ಬ್ಯೋಟ್ಗರ್‌ನ ಕೆಂಪು ಪಾತ್ರೆಗಳಿಂದ ಶುರುಮಾಡಿ. ಬಿಳಿಗಿಂತ ಮೊದಲು ಕೈಗೂಡಿದ್ದು ಅವೇ. 1731ರಲ್ಲಿ ಕಾರ್ಖಾನೆ ಸೇರಿದ ಶಿಲ್ಪಿ ಕೇಂಡ್ಲರ್‌ನ ಕೆಲಸಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಸ್ಯಾಕ್ಸನಿಯ ಮಂತ್ರಿ ಕೌಂಟ್ ಬ್ರೂಲ್‌ಗಾಗಿ ಅವನು ರೂಪಿಸಿದ ಹಂಸಗಳ ಊಟದ ಸೆಟ್‌ನಲ್ಲಿ 2000ಕ್ಕೂ ಹೆಚ್ಚು ಪಾತ್ರೆಗಳಿದ್ದವು. ನೀರು, ಹಂಸ, ಶಂಖ ಎಲ್ಲವನ್ನೂ ತಟ್ಟೆಯ ಮೈಯಲ್ಲೇ ಉಬ್ಬಿಸಿದ್ದಾನೆ. ಚಪ್ಪಟೆ ತಟ್ಟೆಗೆ ಅಷ್ಟು ಜೀವ ಬರಬಹುದೆಂದು ನಾನು ಎಣಿಸಿರಲಿಲ್ಲ.

ಊಟಕ್ಕೆ ಅಲ್ಲೇ ಕೆಫೆ ಇದೆ. ಸಸ್ಯಾಹಾರಿಗಳು ಸೂಪಿನಲ್ಲಿ ಮಾಂಸದ ಸಾರು ಇದೆಯೇ ಎಂದು ಕೇಳಿಕೊಳ್ಳಬೇಕು.

ಅಂಗಡಿಯ ಬೆಲೆ ಕೈಸುಡುತ್ತದೆ. ಕೊಳ್ಳುವಿರಾದರೆ ತಳದಲ್ಲಿ ಅಡ್ಡ ಕತ್ತಿಗಳ ನೀಲಿ ಗುರುತನ್ನು ನೋಡಿ. ಅದರ ಮೇಲೆ ಗೀರು ಹಾಕಿದ್ದರೆ ಅದು ಎರಡನೆಯ ದರ್ಜೆಯದು, ಬೆಲೆಯೂ ಕಡಿಮೆಯಿರಬೇಕು. ಭಾರತದಿಂದ ಹೋದವರು 50 ಯೂರೋಗಿಂತ ಹೆಚ್ಚಿನ ಖರೀದಿಗೆ ತೆರಿಗೆ ಮರುಪಾವತಿಯ ಫಾರಂ ಕೇಳಿ ಪಡೆಯಿರಿ. ಊರಿಗೆ ಮರಳುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ವಸ್ತುವನ್ನು ನೋಡಿ ಮುದ್ರೆ ಒತ್ತುತ್ತಾರೆ. ಹಾಗಾಗಿ ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಕಳುಹಿಸದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.