ಎಸ್ಪೂ ಶಿವರಾತ್ರಿ, ನಿಯೋ ಕಣ್ಣು, ಕಣ್ಣಪ್ಪನ ಕಾಲು

2026ರ ಶಿವರಾತ್ರಿ ಫೆಬ್ರವರಿ 15, ಭಾನುವಾರ ಬಂದಿತ್ತು. ನಾವಿರೋದು ಫಿನ್ಲೆಂಡಲ್ಲಿ, ಹೆಲ್ಸಿಂಕಿ ಪಕ್ಕದ ಎಸ್ಪೂ. ಅವತ್ತೇ ಇಲ್ಲಿನವರದ್ದು ಲಾಸ್ಕಿಯಾಯಿನೆನ್, ಈಸ್ಟರ್ ಮುಂಚಿನ ಉಪವಾಸದ ದಿನಗಳು ಶುರುವಾಗೋಕೆ ಮೊದಲು ಹೊಟ್ಟೆ ತುಂಬ ತಿಂದು ಮಕ್ಕಳನ್ನ ಕರ್ಕೊಂಡು ಹೋಗಿ ಹಿಮದ ದಿಣ್ಣೆ ಮೇಲಿಂದ ಜಾರೋ ಹಬ್ಬ. ಕೆಳಗಿನ ಮನೆ ಅಜ್ಜಿ ಕ್ರೀಮ್ ತುಂಬಿದ ಬನ್ ತಂದ್ಕೊಟ್ರು, ಇವತ್ತು ನಮಗೆ ಉಪವಾಸ ನಾಳೆ ತಿಂತೀವಿ ಅಂದೆ, ನಮ್ದು ಬುಧವಾರದಿಂದ ಅಂದ್ರು. ಆ ಬುಧವಾರಕ್ಕೆ ಹೆಸರೇ ಬೂದಿ ಬುಧವಾರ, ಕ್ರೈಸ್ತರಲ್ಲಿ ಹಣೆಗೆ ಬೂದಿ ಹಚ್ಕೊಳ್ಳೋ ಪದ್ಧತಿ ಇದೆ. ನಾನು ಬಾಗಿಲಲ್ಲಿ ನಿಂತಿದ್ದೂ ವಿಭೂತಿ ಹಚ್ಕೊಂಡೇ.

ತಿಪಟೂರು ಕಡೆ ನಮ್ಮೂರಲ್ಲಿ ಜಾಗರಣೆ ಅಂದ್ರೆ ಸಿನಿಮಾನೇ. ದೇವಸ್ಥಾನದ ಮುಂದೆ ಬಾಡಿಗೆ ಟಿವಿ, ವಿಸಿಆರ್ ತಂದಿಟ್ಟು ಬೆಳಗಿನ ತನಕ ಪಿಚ್ಚರ್ ಹಾಕೋರು, ಒಳಗೆ ಅಭಿಷೇಕ ನಡೀತಿರೋದು ಹೊರಗೆ ರಾಜ್‌ಕುಮಾರ್ ಮಾತಾಡ್ತಿರೋರು, ಎರಡೂ ಒಂದೇ ಪೂಜೆ ಅಂತಾನೇ ನಾನು ದೊಡ್ಡವನಾಗೋವರೆಗೂ ಅಂದ್ಕೊಂಡಿದ್ದೆ, ಈಗಲೂ ಹಾಗೇ ಅನ್ಸತ್ತೆ. ಅದಕ್ಕೇ ಇಲ್ಲೂ ಪ್ರತಿ ವರ್ಷ ನಮ್ಮನೇಲಿ ಸಿನಿಮಾ ಜಾಗರಣೆ. ಈ ಸಲ ಬಂದಿದ್ದು ಹಾಸನದ ಗೆಳೆಯ, ಧಾರವಾಡದ ಅಕ್ಕ-ಭಾವ, ಅವರ ಹತ್ತು ವರ್ಷದ ಮಗ. ಊರಿಂದ ತಂದಿದ್ದ ಕೊಬ್ಬರಿ ತುರಿದು ಹುರಿಗಡಲೆ, ಎಳ್ಳು, ಬೆಲ್ಲ ಹಾಕಿ ತಂಬಿಟ್ಟು ಕಟ್ಟಿದ್ವಿ. ಬಿಲ್ವಪತ್ರೆ ಮಾತ್ರ ಹೋದ ಸಲ ಅಮ್ಮ ಪೇಪರಲ್ಲಿ ಸುತ್ತಿ ಕೊಟ್ಟಿದ್ದ ಒಣಗಿದ್ದೇ, ಬಿಲ್ವ ಹಳೇದಾದ್ರೂ ತೊಳೆದು ಮತ್ತೆ ಏರಿಸಬಹುದು ಅಂತ ಅವಳೇ ಹೇಳಿದ್ದು.

ಸಂಜೆ ಐದೂಕಾಲಕ್ಕೆಲ್ಲ ಸೂರ್ಯ ಮುಳುಗಿದ್ರೆ ಮತ್ತೆ ಹುಟ್ಟೋದು ಬೆಳಗ್ಗೆ 8ರ ಹತ್ರ, ರಾತ್ರಿಯ ನಾಲ್ಕನೇ ಒಂದು ಭಾಗ ಯಾಮ, ಊರಲ್ಲಿ ಒಂದು ಯಾಮ ಅಂದ್ರೆ 3 ಗಂಟೆ, ಇಲ್ಲಿ ಹೆಚ್ಚೂಕಮ್ಮಿ 3 ಗಂಟೆ 40 ನಿಮಿಷ. ಮೊದಲ ಯಾಮ ಪೂಜೆ, ರುದ್ರ ಕೇಳಿದ್ದು. ಎರಡನೇ ಯಾಮಕ್ಕೆ 1999ರ ಹಾಲಿವುಡ್ ಸಿನಿಮಾ ಮ್ಯಾಟ್ರಿಕ್ಸ್ ಹಾಕ್ದೆ.

ಇದು ಶಿವರಾತ್ರಿ ಸಿನಿಮಾನೇ ಅಂತ ನನಗೆ ಬಹಳ ವರ್ಷದಿಂದ ಗಟ್ಟಿ ನಂಬಿಕೆ. ಅದರ ಹೀರೋ ನಿಯೋ ನಿದ್ದೆಯಲ್ಲಿರ್ತಾನೆ, ಕಂಪ್ಯೂಟರ್ ಪರದೆ ಮೇಲೆ ತಾನಾಗೇ ಅಕ್ಷರ ಮೂಡತ್ತೆ, ಎದ್ದೇಳು ಅಂತ. ಕಠೋಪನಿಷತ್ತಿನ ಉತ್ತಿಷ್ಠತ ಜಾಗ್ರತ ಅದೇ ಮಾತಲ್ವಾ. ಅವನು ಲೋಕ ಅಂತ ಅಂದ್ಕೊಂಡಿದ್ದೆಲ್ಲಾ ಮನಸ್ಸಿನೊಳಗೆ ತುಂಬಿಸಿದ ಆಟ, ಅಲ್ಲಮ ಹೇಳ್ತಾನಲ್ಲ, ಹೊನ್ನೂ ಮಾಯೆಯಲ್ಲ ಹೆಣ್ಣೂ ಮಾಯೆಯಲ್ಲ ಮಣ್ಣೂ ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂತ, ಚಮಚ ಬಗ್ಗಿಸೋ ಹುಡುಗ ನಿಯೋಗೆ ಹೇಳಿಕೊಡೋದೂ ಆ ಕಡೆಯದೇ ಪಾಠ, ಬಗ್ಗಬೇಕಾದ್ದು ಹೊರಗಿನ ವಸ್ತು ಅಲ್ಲ.

ಇಷ್ಟು ಹೇಳೋಷ್ಟರಲ್ಲಿ ಅಕ್ಕ ತಡೆದ್ರು. "ಪಿಚ್ಚರ್ ತಗದವ್ರು ಇಷ್ಟೆಲ್ಲಾ ವಿಚಾರ ಮಾಡಿರ್ತಾರೇನೋ ತಮ್ಮಾ? ಫೈಟಿಂಗ್ ಪಿಚ್ಚರ್ ಐತಿ ಅದು." ಹಾಸನದವನೂ ಸೇರ್ಕೊಂಡ, ಮಗಾ ಪರದೆ ಮೇಲೆ ಮಳೆ ಥರ ಬೀಳೋ ಆ ಹಸಿರು ಅಕ್ಷರ ಜಪಾನಿ ಅಡುಗೆ ಪುಸ್ತಕದಿಂದ ತಗೊಂಡಿದ್ದಂತೆ, ಸುಶಿ ರೆಸಿಪಿ, ಡಿಸೈನ್ ಮಾಡಿದವರೇ ಹೇಳಿದಾರೆ, ಅದರಲ್ಲಿ ಎಲ್ಲಿಂದ ಬರತ್ತೆ ಬ್ರಹ್ಮ ಅಂದ. ನಿಜಾನೇ. ಇನ್ನೂ ಒಂದು ನಾನೇ ಸೇರಿಸ್ದೆ, ನಿಯೋ ತನ್ನ ಡಿಸ್ಕ್ ಬಚ್ಚಿಡೋ ಟೊಳ್ಳು ಪುಸ್ತಕ ಫ್ರೆಂಚ್ ಚಿಂತಕ ಬೋದ್ರಿಯಾರ್ ಬರೆದದ್ದು, ಆದ್ರೆ ಆ ಬೋದ್ರಿಯಾರೇ ಆಮೇಲೆ ಈ ಸಿನಿಮಾದವರು ನನ್ನನ್ನ ತಪ್ಪಾಗಿ ಅರ್ಥ ಮಾಡ್ಕೊಂಡಿದಾರೆ ಅಂದ್ರು.

ಆದ್ರೆ ಅಕ್ಕನ ಪ್ರಶ್ನೆಗೆ ಉತ್ತರ ಶಿವರಾತ್ರಿ ಕಥೆಯಲ್ಲೇ ಇದೆ. ಬೇಡ ಒಬ್ಬ ರಾತ್ರಿ ಕಾಡಲ್ಲಿ ಮರ ಹತ್ತಿ ಕೂತಿರ್ತಾನೆ, ನಿದ್ದೆ ಬಂದ್ರೆ ಬೀಳ್ತೀನಿ ಅನ್ನೋ ಭಯಕ್ಕೆ ಒಂದೊಂದೇ ಎಲೆ ಕಿತ್ತು ಕೆಳಗೆ ಹಾಕ್ತಿರ್ತಾನೆ. ಅದು ಬಿಲ್ವದ ಮರ ಅಂತ ಗೊತ್ತಿಲ್ಲ, ಕೆಳಗೆ ಲಿಂಗ ಇದೆ ಅಂತ ಗೊತ್ತಿಲ್ಲ, ಅವತ್ತು ಶಿವರಾತ್ರಿ ಅಂತಾನೂ ಗೊತ್ತಿಲ್ಲ, ಪೂಜೆ ಮಾತ್ರ ಸಂದಿದೆ. ಸುಶಿ ರೆಸಿಪಿ ಅಂತಾನೇ ಇಟ್ಕೊಳ್ಳಿ, ಎಲೆ ಎಲ್ಲಿ ಬಿತ್ತು ಅದನ್ನ ನೋಡಬೇಕು ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಂದ್ರ ಸರಿ ಐತಿ" ಅಂದ್ರು.

ಹಾಗಂತ ಎಲ್ಲಾನೂ ಅರಿಯದೆ ಬಿದ್ದ ಎಲೆ ಅಂತಲೂ ಅಲ್ಲ. ಮ್ಯಾಟ್ರಿಕ್ಸ್‌ನ 2003ರ ಮೂರನೇ ಭಾಗ ಮುಗಿದು ಹೆಸರುಗಳು ಬರೋವಾಗ ಕೇಳಿ, ಬೃಹದಾರಣ್ಯಕ ಉಪನಿಷತ್ತಿನ ಅಸತೋ ಮಾ ಸದ್ಗಮಯ, ಸಂಸ್ಕೃತದಲ್ಲೇ ಹಾಡಿದಾರೆ, ಬೇಕು ಅಂತಲೇ ಹಾಕಿರೋದು. ಅದೇ ಭಾಗದಲ್ಲಿ ನಿಯೋ ಕಣ್ಣು ಸುಟ್ಟುಹೋಗತ್ತೆ, ಆಮೇಲೆ ಅವನಿಗೆ ಎಲ್ಲೆಲ್ಲೂ ಬರೀ ಚಿನ್ನದ ಬಣ್ಣದ ಬೆಳಕು ಕಾಣತ್ತೆ. ಆ ಸೀನ್ ಅಷ್ಟೇ ತೋರಿಸಿ, ಮೂರನೇ ಯಾಮಕ್ಕೆ ಬೇಡರ ಕಣ್ಣಪ್ಪ ಹಾಕಿದ್ವಿ. 1954ರದ್ದು, ಎಚ್.ಎಲ್.ಎನ್. ಸಿಂಹ ಡೈರೆಕ್ಷನ್, ರಾಜ್‌ಕುಮಾರ್ ಹೀರೋ ಆಗಿ ಮೊದಲನೇದು.

ಲಿಂಗದ ಒಂದು ಕಣ್ಣಲ್ಲಿ ರಕ್ತ, ಕಣ್ಣಪ್ಪ ತನ್ನ ಕಣ್ಣು ಕಿತ್ತಿಡ್ತಾನೆ. ಇನ್ನೊಂದರಲ್ಲೂ ರಕ್ತ. ಎರಡನೇದೂ ಕಿತ್ತರೆ ಲಿಂಗದ ಕಣ್ಣು ಎಲ್ಲಿದೆ ಅಂತ ಕಾಣಲ್ಲವಲ್ಲ, ಅದಕ್ಕೆ ಗುರುತಿಗೆ ಅಲ್ಲಿ ಕಾಲಿಡ್ತಾನೆ. ನನಗೆ ಇಲ್ಲಿ ಕಾಣೋದು ಇದು. ಮೊದಲ ಕಣ್ಣು ಕೊಟ್ಟಾಗ ಕೊಡೋನು ಇನ್ನೂ ಉಳಿದಿದಾನೆ, ಕೊಟ್ಟಿದ್ದನ್ನ ನೋಡಕ್ಕೆ ಇನ್ನೊಂದು ಕಣ್ಣಿದೆ. ಎರಡನೇದಕ್ಕೆ ಕೈ ಹಾಕಿದಾಗ ನೋಡೋನೇ ಹೋಗ್ತಾನೆ. ಕಾಲು ದೇವರ ಮುಖದ ಮೇಲಿದೆ ಅಂದ್ರೆ ಮೇಲು ಕೀಳು ಅನ್ನೋದೂ ಹೋಯ್ತು. ನಿಯೋಗೆ ಕಣ್ಣು ಹೋದ ಮೇಲೆ ಬೆಳಕಾದ್ರೂ ಸಿಕ್ತು, ಮೊದಲ ಭಾಗದಲ್ಲೇ, ನಿಜ ತಿಳಿಯೋಕೆ ಕೆಂಪು ಗುಳಿಗೆನಾ, ಹಳೇ ನಿದ್ದೆಗೇ ವಾಪಸ್ ಹೋಗೋಕೆ ನೀಲಿನಾ ಅಂತ ನುಂಗೋಕೆ ಮುಂಚೆ ಕೇಳಿದ್ರು. ಕಣ್ಣಪ್ಪನನ್ನ ಯಾರೂ ಕೇಳಲಿಲ್ಲ, ಅವನು ಕತ್ತಲೆಗೇ ತಯಾರಾಗಿ ಕಾಲಿಟ್ಟ. ಮ್ಯಾಟ್ರಿಕ್ಸ್ ನನಗೆ ಪ್ರಾಣ, ಆದ್ರೂ ಇವನ ಎತ್ತರ ಬೇರೆ. ಜಗತ್ತು ಮಾಯೆ ಅಂದ ಶಂಕರರದ್ದೇ ಅನ್ನೋ ಶಿವಾನಂದಲಹರಿಯ 63ನೇ ಶ್ಲೋಕ ಪೂರ್ತಿ ಈ ಬೇಡನದ್ದು, ದಾರಿ ಸವೆಸಿದ ಚಪ್ಪಲಿ ಶಿವನಿಗೆ ಕೂರ್ಚ, ಅಂದ್ರೆ ಪೂಜೆಯ ದರ್ಭೆ ಕಟ್ಟು ಆಯ್ತು, ಬಾಯಿಂದ ಉಗುಳಿದ ನೀರು ಅಭಿಷೇಕ ಆಯ್ತು, ರುಚಿ ನೋಡಿ ಉಳಿದ ಮಾಂಸ ನೈವೇದ್ಯ ಆಯ್ತು, ಭಕ್ತಿ ಏನು ತಾನೆ ಮಾಡಲ್ಲ ಅಂತ. ಹರಿಹರನೂ ಇವನ ಮೇಲೆ ರಗಳೆ ಬರೆದ.

ಮೂರೂಕಾಲಿಗೆ ಅಮ್ಮನ ವಿಡಿಯೋ ಕಾಲ್. ಅಲ್ಲಿ ಪೌಣೇ ಏಳು, ಹಿಂದೆ ಬೆಳಕಾಗಿತ್ತು, ತಲೆಗೆ ನೀರು ಹಾಕ್ಕೊಂಡಿದ್ಲು.

"ನಮ್ದು ಮುಗೀತು ಕಣೋ, ನಿಮ್ಗೆ ಇನ್ನೂ ರಾತ್ರಿ ಇದೆಯಾ?"

"ಇನ್ನೂ ಒಂದು ಯಾಮ ಇದೆಯಮ್ಮ."

"ಯಾವ್ ಪಿಚ್ಚರ್ ನೋಡಿದ್ರಿ?"

"ಕಣ್ಣಪ್ಪಂದು."

"ಕಾಲಿಡೋವಾಗ ಎಲ್ರೂ ಎದ್ದಿದ್ರಾ? ನಮ್ಮಪ್ಪ ಟೆಂಟಿಗೆ ಕರ್ಕೊಂಡ್ ಹೋದಾಗ ನಾವು ಹುಡುಗ್ರೆಲ್ಲ ನಿದ್ದೆ ಮಾಡಿರ್ತಿದ್ವಿ, ಅದೊಂದು ಸೀನ್‌ಗೆ ಎಬ್ಬಿಸಿ ಕೂರಿಸೋರು, ಆಮೇಲೆ ಮಲ್ಕೊಳ್ಳಿ ಅನ್ನೋರು."

ತಿರುಗಿ ನೋಡಿದ್ರೆ ಅಕ್ಕನ ಮಗ ಸೋಫಾ ಮೇಲೆ ರಜಾಯಿ ಹೊದ್ದು ನಿದ್ದೆ. ಅಕ್ಕ ಏನೂ ಹೇಳದೆ ಹೋಗಿ ಅವನ ಭುಜ ತಟ್ಟಿ ಎಬ್ಬಿಸಿದ್ರು, ನಾನು ಪಿಚ್ಚರ್ ಹಿಂದಕ್ಕೆ ತಗೊಂಡೆ, ಅಮ್ಮ ಫೋನಲ್ಲೇ ಇದ್ಲು.